ಎಳ್ಳಮಾವಾಸ್ಯೆಗೆ ಉಪ್ಪು ಹಿಟ್ಟಿನ ಎತ್ತು

ಉತ್ತರ ಕರ್ನಾಟಕದ ರೈತರ ಮನೆಗಳಲ್ಲಿ ಮುಂಗಾರಿನ ತಿಂಗಳುಗಳೆಂದರೆ ಮಣ್ಣಿನ ಹಬ್ಬಗಳ ತಿಂಗಳುಗಳು. ಜ್ಯೇಷ್ಠ ಮಾಸದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಹೊಲದ ಅಥವಾ ಕೆರೆಯ ಮಣ್ಣನ್ನು ತಂದು, ಹದ ಮಾಡಿ, ಕೈಯಿಂದಲೇ ಮೂರ್ತಿ ಮಾಡುವುದು ರೂಢಿ. ಮಹಾರಾಷ್ಟ್ರದ ಗಡಿಗೆ ಹತ್ತಿರವಾದ ಊರುಗಳಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ ಹಬ್ಬ ಬಂದಾಗ ಮತ್ತೆ ಎತ್ತುಗಳಿಗೆ ಪೂಜೆ. ಈ ಹಬ್ಬಗಳಲ್ಲಿ ದೊಡ್ಡವರ ಜೊತೆ ಕುಳಿತ ಮಗು ಆಟವಾಡುತ್ತಲೇ ಮಣ್ಣಿನ ಗುಣವನ್ನೂ ಎತ್ತಿನ ಆಕಾರವನ್ನೂ ಕಲಿಯುತ್ತಿತ್ತು.

ಈಗ ಮನೆಯೊಂದು ಕಡೆ, ಹೊಲವೊಂದು ಕಡೆ ಆಗಿರುವ ಕುಟುಂಬಗಳು ಬಹಳ. ಬೀದರ ನಗರದ ಮೈಲೂರಿನಂತಹ ಭಾಗಗಳಲ್ಲಿ ವಾಸವಾಗಿದ್ದು, ಭಾಲ್ಕಿ ಅಥವಾ ಔರಾದ ಕಡೆಯ ಹೊಲವನ್ನು ನೋಡಿಕೊಳ್ಳುವವರ ಮಕ್ಕಳಿಗೆ ಎರೆಮಣ್ಣು ದಿನವೂ ಸಿಗುವ ವಸ್ತುವಲ್ಲ. ಉಳುಮೆ ಟ್ರ್ಯಾಕ್ಟರಿಗೆ ಹೋದ ಮನೆಗಳಲ್ಲಿ ಕೊಟ್ಟಿಗೆಯ ಜೋಡೆತ್ತೂ ಇಲ್ಲ. ಎತ್ತಿನ ಗೊರಸು ಸೀಳಿರುತ್ತದೆ, ಡುಬ್ಬ ಹೆಗಲ ಮೇಲಿರುತ್ತದೆ, ನೊಗ ಡುಬ್ಬದ ಮುಂದೆ ಕುಳಿತುಕೊಳ್ಳುತ್ತದೆ ಎಂಬುದನ್ನು ಅಂತಹ ಮಗುವಿಗೆ ಯಾರಾದರೂ ತೋರಿಸಿಕೊಡಲೇಬೇಕು.

ಮನೆಯಲ್ಲಿಯೇ ಇರುವ ಹಿಟ್ಟು, ಉಪ್ಪು, ನೀರು ಈ ಮೂರರಿಂದ ಮಾಡುವ ಮುದ್ದೆ ಇದಕ್ಕೆ ಒಂದು ಸುಲಭ ಸಾಧನ. ಜರ್ಮನಿ ಮೊದಲಾದ ದೇಶಗಳಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಮಕ್ಕಳು ಉಪ್ಪು ಹಿಟ್ಟಿನಿಂದ ನಕ್ಷತ್ರ, ಗಂಟೆ, ಪ್ರಾಣಿಗಳನ್ನು ಮಾಡಿ ತೂಗುಹಾಕುತ್ತಾರೆ. ನಮ್ಮಲ್ಲಿಯೂ ಶಾಲೆಗಳ ಮೂಲಕ ಈ ಕೆಲಸ ಮನೆಗಳನ್ನು ಸೇರುತ್ತಿದೆ. ಆದರೆ ಇದನ್ನು ಮಾಡುವ ಮೊದಲು ಎರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು, ಈ ಗೊಂಬೆ ಎಲ್ಲ ಕಾಲಕ್ಕೂ ಹೊಂದುವುದಿಲ್ಲ. ಎರಡನೆಯದು, ಇದು ನೋಡಲು ರೊಟ್ಟಿಯ ಹಿಟ್ಟಿನಂತಿದ್ದರೂ ತಿನ್ನುವ ವಸ್ತುವಲ್ಲ; ಮಗುವಿನ ಬಾಯಿಗೂ ದನದ ಗೋದಲಿಗೂ ಇದು ಹೋಗಕೂಡದು.

ಯಾವ ಕಾಲಕ್ಕೆ ಯಾವ ಮುದ್ದೆ

ಉಪ್ಪಿಗೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75ನ್ನು ದಾಟಿದರೆ ಅಡಿಗೆ ಉಪ್ಪು ತೇವ ಹೀರಿ ಒದ್ದೆಯಾಗತೊಡಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವುದನ್ನು ಪ್ರತಿ ಗೃಹಿಣಿಯೂ ಕಂಡಿದ್ದಾಳೆ. ಉಪ್ಪು ಹಿಟ್ಟಿನ ಗೊಂಬೆಯೂ ಹಾಗೆಯೇ ಬೆವರಿ, ಮೆತ್ತಗಾಗಿ, ಕಾಲು ಮುರಿದು ಬೀಳುತ್ತದೆ.

ಆದುದರಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣೇ ಸರಿ. ಆಗ ಮಳೆ ಬಿದ್ದು ಮಣ್ಣು ಹದವಾಗಿರುತ್ತದೆ, ಗಾಳಿ ತೇವವಾಗಿರುತ್ತದೆ, ಮೂರ್ತಿ ನಿಧಾನವಾಗಿ ಒಣಗುತ್ತದೆ. ಉಪ್ಪು ಹಿಟ್ಟಿಗೆ ಸರಿಯಾದ ಕಾಲವೆಂದರೆ ಡಿಸೆಂಬರ್–ಜನವರಿಯ ಒಣ ಹವೆ. ಬೀದರ, ಕಲಬುರಗಿ ಜಿಲ್ಲೆಗಳ ರೈತರ ದೊಡ್ಡ ಹಬ್ಬವಾದ ಎಳ್ಳಮಾವಾಸ್ಯೆ ಈ ಅವಧಿಯಲ್ಲಿಯೇ ಬರುತ್ತದೆ. ಮನೆಯವರೆಲ್ಲ ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ದಂಟಿನ ಕೊಂಪೆಯಲ್ಲಿ ಪಾಂಡವರನ್ನು ಪೂಜಿಸಿ, ಚರಗ ಚೆಲ್ಲಿ, ಅಲ್ಲಿಯೇ ಊಟ ಮಾಡುವ ದಿನ ಅದು. ಹಬ್ಬಕ್ಕೆ ಒಂದು ವಾರ ಮೊದಲು ಮಕ್ಕಳನ್ನು ಕೂಡಿಸಿಕೊಂಡು ಎತ್ತು ಮಾಡಿದರೆ ಹಬ್ಬದ ಹೊತ್ತಿಗೆ ಅವು ಒಣಗಿ ಗಟ್ಟಿಯಾಗಿರುತ್ತವೆ. ಕ್ರಿಸ್‌ಮಸ್ ಆಚರಿಸುವ ಮನೆಗಳಿಗೂ ಇದೇ ಕಾಲ ಒದಗಿಬರುತ್ತದೆ.

ಬೇಕಾಗುವ ಸಾಮಗ್ರಿಗಳು

ಅಳತೆಗೆ ಕಾಲು ಲೀಟರ್ ಹಿಡಿಯುವ ಒಂದೇ ಲೋಟವನ್ನು ಉಪಯೋಗಿಸಬೇಕು.

1. ಗೋಧಿ ಹಿಟ್ಟು: 2 ಲೋಟ
2. ನುಣ್ಣನೆಯ ಅಡಿಗೆ ಉಪ್ಪು: 1 ಲೋಟ
3. ನೀರು: ಮುಕ್ಕಾಲು ಲೋಟ, ಬೇಕಾದರೆ ಸ್ವಲ್ಪ ಹೆಚ್ಚು
4. ಬಣ್ಣಕ್ಕೆ: ಅರಿಸಿನ, ಜರಡಿ ಹಿಡಿದ ಕೆಮ್ಮಣ್ಣು, ಕಟ್ಟಿಗೆಯ ಇದ್ದಿಲಿನ ಪುಡಿ
5. ಕಾಲಿಗೆ, ಕೊಂಬಿಗೆ ಆಸರೆಯಾಗಿ: ಕಸಬರಿಗೆಯ ಕಡ್ಡಿಗಳು

ಈ ಅಳತೆಯಲ್ಲಿ ಅಂಗೈಯಗಲದ ಐದಾರು ಗೊಂಬೆಗಳಾಗುತ್ತವೆ. ಹುಳ ಬಿದ್ದು ಅಡಿಗೆಗೆ ಬೇಡವಾದ ಹಿಟ್ಟನ್ನು ಜರಡಿ ಹಿಡಿದು ಉಪಯೋಗಿಸಿದರೆ ಒಳ್ಳೆಯ ಕಾಳು ಹಾಳಾಗುವುದಿಲ್ಲ. ಆದರೆ ಬೂಷ್ಟು ಹಿಡಿದ, ಮುಗ್ಗಲು ವಾಸನೆಯ ಹಿಟ್ಟನ್ನು ಮಕ್ಕಳ ಕೈಗೆ ಕೊಡಬಾರದು. ಅದರ ದೂಳು ಉಸಿರಿನೊಡನೆ ಒಳಗೆ ಹೋಗುವುದು ಕೆಡುಕು.

ರೈತರ ಮನೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ನಾಲ್ಕು ಎಚ್ಚರಿಕೆಗಳಿವೆ:

— ಬೀಜೋಪಚಾರ ಮಾಡಿ ಉಳಿದ ಬೀಜವನ್ನು ಬೀಸಿ ಹಿಟ್ಟು ಮಾಡಬಾರದು. ಗುಲಾಬಿ ಅಥವಾ ಕೆಂಪು ಬಣ್ಣದ ಆ ಬೀಜಗಳು ನೋಡಲು ಚೆನ್ನಾಗಿವೆ ಎಂದು ಗೊಂಬೆಯ ಕಣ್ಣಿಗೂ ಕೊರಳಿಗೂ ಹಚ್ಚಬಾರದು. ಆ ಬಣ್ಣ ವಿಷದ ಗುರುತು.

— ಮ್ಯುರಿಯೇಟ್ ಆಫ್ ಪೊಟ್ಯಾಷ್ ನೋಡಲು ಉಪ್ಪಿನಂತೆಯೇ ಇರುತ್ತದೆ. ಚೀಲ ಒಡೆದು ಡಬ್ಬಿಗೆ ಸುರಿದಿಟ್ಟ ಗೊಬ್ಬರವನ್ನು ಉಪ್ಪೆಂದು ತಿಳಿಯುವ ಸಂಭವವಿದೆ. ಉಪ್ಪನ್ನು ಅಡಿಗೆಮನೆಯ ಭರಣಿಯಿಂದಲೇ ತೆಗೆದುಕೊಳ್ಳಬೇಕು.

— ಕೀಟನಾಶಕ ಅಳೆದ ಮುಚ್ಚಳ, ಲೋಟ, ಬಕೆಟ್ಟುಗಳನ್ನು ಎಷ್ಟು ತೊಳೆದಿದ್ದರೂ ಈ ಕೆಲಸಕ್ಕೆ ತರಬಾರದು.

— ಗೊಂಬೆಯ ಕಣ್ಣಿಗೆ ಗುಲಗಂಜಿ ಕೂಡಿಸಬಾರದು. ಕೆಂಪು ಮೈ, ಕಪ್ಪು ಚುಕ್ಕೆಯ ಈ ಬೀಜದಲ್ಲಿ ತೀವ್ರ ವಿಷವಿದೆ. ಮಗು ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಕಣ್ಣಿಗೆ ಕರಿ ಉದ್ದಿನ ಕಾಳು ಸಾಕು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಾಳೂ ಬೇಡ, ಕಡ್ಡಿಯಿಂದ ಚುಚ್ಚಿದ ಗುರುತೇ ಇರಲಿ. ಕಾಳುಗಳನ್ನು ಮೂಗು, ಕಿವಿಗಳಲ್ಲಿ ತೂರಿಸಿಕೊಳ್ಳುವುದು ಆ ವಯಸ್ಸಿನ ಮಕ್ಕಳ ಸ್ವಭಾವ.

ಮೂರು ವಸ್ತುಗಳ ಕೆಲಸ

ಗೋಧಿ ಹಿಟ್ಟಿನಲ್ಲಿ ನೀರು ಸೇರಿಸಿ ನಾದಿದಾಗ ಜಿಗುಟಾದ ಒಂದು ಪ್ರೋಟೀನು ಎಳೆಎಳೆಯಾಗಿ ಹೆಣೆದುಕೊಳ್ಳುತ್ತದೆ. ಇದಕ್ಕೆ ಗ್ಲುಟೆನ್ ಎನ್ನುತ್ತಾರೆ. ಚಪಾತಿಯ ಹಿಟ್ಟು ಹರಿಯದೆ ಹಿಗ್ಗುವುದು ಇದರಿಂದಲೇ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ. ಜೋಳದ ರೊಟ್ಟಿಗೆ ಕುದಿಯುವ ನೀರಿನ ಎಸರು ಬೇಕಾಗುವುದು ಇದೇ ಕಾರಣಕ್ಕೆ: ಬಿಸಿ ನೀರಿನಲ್ಲಿ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ಆದುದರಿಂದ ಬರೀ ಜೋಳದ ಹಿಟ್ಟಿನಿಂದ ಮಾಡಿದ ಗೊಂಬೆ ಒಣಗುವಾಗ ಸುಲಭವಾಗಿ ಸೀಳುತ್ತದೆ. ಜೋಳವನ್ನು ಬಳಸಲೇಬೇಕಾದರೆ ಅರ್ಧ ಜೋಳ, ಅರ್ಧ ಗೋಧಿ ತೆಗೆದುಕೊಂಡು, ಜೋಳದ ಭಾಗವನ್ನು ಮೊದಲು ಎಸರಿನಲ್ಲಿ ಕಲಸಿ, ಆರಿದ ಮೇಲೆ ಗೋಧಿ ಹಿಟ್ಟು ಮತ್ತು ಉಪ್ಪನ್ನು ಸೇರಿಸಬೇಕು. ಬಿಸಿ ಎಸರಿನ ಕೆಲಸ ದೊಡ್ಡವರದು.

ಉಪ್ಪಿನ ಕೆಲಸ ಗೊಂಬೆ ಕೆಡದಂತೆ ಕಾಯುವುದು. ಬರೀ ಹಿಟ್ಟಿನ ಮುದ್ದೆ ಎರಡು ದಿನದಲ್ಲಿ ಹುಳಿತು ಉಬ್ಬುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಉಪ್ಪು ನೀರನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವುದರಿಂದ ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬೇಕಾದ ನೀರು ದೊರೆಯುವುದಿಲ್ಲ. ಉಪ್ಪಿನಕಾಯಿ ಕೆಡದೆ ಇರುವುದೂ ಇದೇ ತತ್ವದಿಂದ. 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಮಾತ್ರ ಕರಗುತ್ತದೆ. ಮೇಲಿನ ಅಳತೆಯಲ್ಲಿ ಹಾಕಿದ ಉಪ್ಪಿನ ನಾಲ್ಕನೆಯ ಒಂದು ಭಾಗ ಕರಗಿ, ಉಳಿದದ್ದು ಹರಳಾಗಿಯೇ ಮುದ್ದೆಯಲ್ಲಿರುತ್ತದೆ. ಆದುದರಿಂದಲೇ ಉಪ್ಪು ನುಣ್ಣಗಿರಬೇಕು. ಕಲ್ಲುಪ್ಪನ್ನು ಹಾಗೆಯೇ ಹಾಕಿದರೆ ಮೈ ತರಿತರಿಯಾಗಿ, ಹರಳು ಇದ್ದಲ್ಲೆಲ್ಲ ಬಿರುಕು ಬಿಡುತ್ತದೆ.

ಮಾಡುವ ವಿಧಾನ

1. ಹಿಟ್ಟು ಮತ್ತು ಉಪ್ಪನ್ನು ಒಣಗಿರುವಾಗಲೇ ಚೆನ್ನಾಗಿ ಬೆರೆಸಬೇಕು. ಎರಡು ಲೋಟಕ್ಕೆ ಒಂದು ಲೋಟ ಎಂಬ ಅಳತೆಯನ್ನು ಮಗುವಿನ ಕೈಯಿಂದಲೇ ಮಾಡಿಸಬೇಕು. ಬೀಜ, ಗೊಬ್ಬರಗಳ ಪ್ರಮಾಣದ ಮೊದಲ ಪಾಠ ಇದೇ ಆಗಬಹುದು.

2. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕಲಸಬೇಕು. ಕೈಗೆ ಅಂಟಿದರೆ ನೀರು ಹೆಚ್ಚು, ಅಂಚಿನಲ್ಲಿ ಸೀಳಿದರೆ ನೀರು ಕಡಿಮೆ. ಪೂರಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿರುವುದು ಸರಿಯಾದ ಹದ.

3. ಸುಮಾರು 10 ನಿಮಿಷ ನಾದಬೇಕು. ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು.

4. ಬಣ್ಣವನ್ನು ಮುದ್ದೆಯಲ್ಲಿಯೇ ಸೇರಿಸುವುದಾದರೆ ಈಗಲೇ ಉಂಡೆಗಳನ್ನು ಬೇರೆ ಮಾಡಿ ಅರಿಸಿನ, ಕೆಮ್ಮಣ್ಣು, ಇದ್ದಿಲಿನ ಪುಡಿ ಸೇರಿಸಿ ನಾದಬೇಕು. ಸುಣ್ಣವನ್ನು ಉಪಯೋಗಿಸಬಾರದು, ಅದು ಕಣ್ಣಿಗೆ ಬಿದ್ದರೆ ಸುಡುತ್ತದೆ. ಮನೆಗೆ, ಗಾಡಿಗೆ ಬಳಿಯುವ ಎಣ್ಣೆ ಬಣ್ಣಗಳೂ ಬೇಡ.

5. ಚಿಕ್ಕ ಮಕ್ಕಳಿಂದ ಚಪ್ಪಟೆ ಎತ್ತನ್ನು ಮಾಡಿಸಬೇಕು. ಮುದ್ದೆಯನ್ನು ಕಿರುಬೆರಳಿನ ದಪ್ಪಕ್ಕಿಂತ ಹೆಚ್ಚಾಗದಂತೆ ತಟ್ಟಿ, ಎತ್ತಿನ ಆಕಾರಕ್ಕೆ ಕತ್ತರಿಸಿ, ಕಿವಿ, ಕೊಂಬು, ಬಾಲಗಳನ್ನು ಅಂಟಿಸಬೇಕು. ತೂಗುಹಾಕುವುದಾದರೆ ಹಸಿಯಿರುವಾಗಲೇ ಕಡ್ಡಿಯಿಂದ ತೂತು ಮಾಡಬೇಕು.

6. ದೊಡ್ಡ ಮಕ್ಕಳು ನಿಂತ ಎತ್ತನ್ನು ಮಾಡಬಹುದು. ಕಾಲುಗಳಿಗೆ ಕಡ್ಡಿಯ ಆಸರೆ ಕೊಟ್ಟು, ಹೊಟ್ಟೆಯ ಭಾಗವನ್ನು ಕೆಳಗಿನಿಂದ ಹೆಬ್ಬೆರಳಿನಿಂದ ಒತ್ತಿ ಟೊಳ್ಳು ಮಾಡಬೇಕು. ಇಡಿಯಾಗಿ ದಪ್ಪವಿದ್ದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

7. ಎರಡು ಭಾಗಗಳನ್ನು ಕೂಡಿಸುವಲ್ಲಿ ಎರಡೂ ಕಡೆ ಕಡ್ಡಿಯಿಂದ ಗೀರಿ, ಒದ್ದೆ ಬೆರಳು ಸವರಿ, ಒತ್ತಿ ಹಿಡಿಯಬೇಕು.

ಯಾವ ಎತ್ತನ್ನು ಮಾಡಿಸಬೇಕು

ಚಿತ್ರದ ಪುಸ್ತಕದ ಎತ್ತಿಗಿಂತ ತಮ್ಮ ಭಾಗದ ಎತ್ತನ್ನೇ ಮಾಡಿಸುವುದು ಲೇಸು. ಬೀದರ ಜಿಲ್ಲೆಗೂ ಪಕ್ಕದ ಲಾತೂರ ಜಿಲ್ಲೆಗೂ ಸೇರಿದ ತಳಿ ದೇವಣಿ. ಲಾತೂರ ಜಿಲ್ಲೆಯ ದೇವಣಿ ಊರಿನಿಂದ ಇದಕ್ಕೆ ಈ ಹೆಸರು. ಹಸು ಹಾಲಿಗೂ ಎತ್ತು ಉಳುಮೆಗೂ ಒದಗುವ ತಳಿ ಇದು. ಜೋಲುವ ಉದ್ದ ಕಿವಿಗಳು, ಚೆನ್ನಾಗಿ ಬೆಳೆದ ಡುಬ್ಬ ಮತ್ತು ಗಂಗೆದೊಗಲು ಇದರ ಲಕ್ಷಣಗಳು. ಬಣ್ಣವನ್ನು ನೋಡಿ ಇದರಲ್ಲಿ ಬಗೆಗಳನ್ನು ಗುರುತಿಸುತ್ತಾರೆ. ಮೈ ಬಿಳುಪಾಗಿದ್ದು ಮುಖದಲ್ಲಿ ಕಪ್ಪು ಇರುವುದು ವಾನ್ನೇರ. ಬಿಳಿಯ ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆಗಳಿರುವುದು ಶೇವೇರ.

ಮಕ್ಕಳ ಕೆಲಸಕ್ಕೆ ಈ ತಳಿ ಹೇಳಿ ಮಾಡಿಸಿದಂತಿದೆ. ಬಣ್ಣ ಹಾಕದ ಹಿಟ್ಟೇ ಬಿಳಿ ಮೈ. ಇದ್ದಿಲು ಸೇರಿಸಿದ ಹಿಟ್ಟೇ ಕಪ್ಪು ಮಚ್ಚೆ. ಮಾಡುವಾಗ ದೊಡ್ಡವರು ಕೇಳುತ್ತ ಹೋಗಬೇಕು: ಕಿವಿ ನಿಂತಿದೆಯೋ, ಜೋತಿದೆಯೋ? ಡುಬ್ಬ ಎಲ್ಲಿದೆ? ಗೊರಸು ಒಂದೋ, ಎರಡು ಭಾಗವೋ? ನೊಗ ಎಲ್ಲಿ ಕುಳಿತುಕೊಳ್ಳುತ್ತದೆ? ಉತ್ತರ ತಿಳಿಯದಿದ್ದರೆ ಹೇಳಿಕೊಡುವುದಕ್ಕಿಂತ ಎತ್ತು ಇರುವವರ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ತೋರಿಸುವುದು ಮೇಲು. ಅಜ್ಜ ಇರುವ ಮನೆಯಲ್ಲಿ ಈ ಕೆಲಸವನ್ನು ಅವರಿಗೆ ಒಪ್ಪಿಸಬಹುದು. ನೊಗ, ಕುಂಟೆ, ಕೂರಿಗೆಗಳನ್ನು ಕಡ್ಡಿಯಿಂದ ಮಾಡಿ ಎತ್ತಿಗೆ ಹೂಡಿಸಿದರೆ ಅವುಗಳ ಹೆಸರೂ ಮಕ್ಕಳ ಬಾಯಲ್ಲಿ ಉಳಿಯುತ್ತದೆ.

ವಯಸ್ಸಿಗೆ ತಕ್ಕ ಕೆಲಸ

3 ವರ್ಷದೊಳಗೆ: ಉಪ್ಪು ಹಿಟ್ಟನ್ನು ಕೊಡಲೇಬಾರದು. ಆಸೆ ತೀರಿಸಲು ಉಪ್ಪು ಹಾಕದ ಚಪಾತಿ ಹಿಟ್ಟಿನ ಸಣ್ಣ ಮುದ್ದೆ ಕೊಟ್ಟು, ಆಟ ಮುಗಿದ ಕೂಡಲೇ ತೆಗೆದುಕೊಳ್ಳಬೇಕು.

3–4 ವರ್ಷ: ಉಂಡೆ ಕಟ್ಟುವುದು, ಹಾವಿನಂತೆ ಹೊಸೆಯುವುದು, ತಟ್ಟುವುದು. ಎತ್ತಿನ ಮೈ ದೊಡ್ಡವರು ಮಾಡಿಕೊಟ್ಟರೆ ಬಾಲ, ಕೊಂಬು ಮಗುವಿನದು.

5–6 ವರ್ಷ: ಭಾಗಗಳನ್ನು ಕೂಡಿಸುವುದು, ಮಚ್ಚೆ ಹಚ್ಚುವುದು, ಎಣಿಸುವುದು.

7 ವರ್ಷದ ಮೇಲೆ: ಅಳೆಯುವುದು, ಕಲಸುವುದು, ನಿಂತ ಎತ್ತು, ಬಂಡಿ, ಕೊಂಪೆ.

ಅಂಗನವಾಡಿಗೆ 3ರಿಂದ 6 ವರ್ಷದ ಮಕ್ಕಳು ಬರುತ್ತಾರೆ. ಅಲ್ಲಿ ಈ ಕೆಲಸ ಮಾಡಿಸುವುದಾದರೆ ಒಬ್ಬ ದೊಡ್ಡವರು ನೋಡಿಕೊಳ್ಳಬಲ್ಲಷ್ಟು, ಅಂದರೆ ನಾಲ್ಕೈದು ಮಕ್ಕಳ ಗುಂಪನ್ನು ಒಂದು ಸಲಕ್ಕೆ ಕೂಡಿಸಿಕೊಳ್ಳುವುದು ಒಳ್ಳೆಯದು. ಊಟದ ಹೊತ್ತಿಗೆ ಸ್ವಲ್ಪ ಮೊದಲು ಇದನ್ನು ಮಾಡಿಸಬಾರದು. ಹಸಿದ ಮಗು ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಕೈಯಲ್ಲಿ ಗಾಯವಿರುವ ಮಗುವಿಗೆ ಉಪ್ಪು ಉರಿಯುವುದರಿಂದ ಆ ದಿನ ಬೇರೆ ಕೆಲಸ ಕೊಡಬೇಕು.

ಒಣಗಿಸುವುದು

ಗೊಂಬೆಗಳನ್ನು ಮೊದಲ ದಿನ ನೆರಳಿನಲ್ಲಿ, ಆಮೇಲೆ ಎಳೆ ಬಿಸಿಲಿನಲ್ಲಿ ಇಡಬೇಕು. ದಿನಕ್ಕೆರಡು ಬಾರಿ ಮಗುಚಿ ಹಾಕಬೇಕು. ಚಪ್ಪಟೆ ಗೊಂಬೆಗೆ ಒಣ ಹವೆಯಲ್ಲಿ ಮೂರು–ನಾಲ್ಕು ದಿನ, ನಿಂತ ಗೊಂಬೆಗೆ ಒಂದು ವಾರ ಬೇಕಾಗಬಹುದು. ರಾತ್ರಿ ಇಬ್ಬನಿಗೆ ಬಿಡದೆ ಒಳಗೆ ತರಬೇಕು. ಬೆರಳಿನಿಂದ ತಟ್ಟಿದಾಗ ಮಂದ ಸಪ್ಪಳ ಬಂದರೆ ಒಳಗೆ ಇನ್ನೂ ಹಸಿ ಇದೆ. ಟಣ್ಣೆಂಬ ಸಪ್ಪಳ ಬಂದರೆ ಒಣಗಿದೆ.

ಬೇಗ ಒಣಗಿಸಬೇಕೆಂದರೆ ಅಡಿಗೆ ಮುಗಿದ ಮೇಲೆ ಒಲೆಯ ಬಿಸಿ ಬೂದಿಯ ಮೇಲೆ ಹಂಚಿಟ್ಟು, ಹಂಚಿನ ಮೇಲೆ ಮರಳು ಹರಡಿ, ಅದರ ಮೇಲೆ ಗೊಂಬೆಗಳನ್ನಿಡಬಹುದು. ವಿದ್ಯುತ್ ಒಲೆ ಇದ್ದವರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು–ಮೂರು ಗಂಟೆ ಇಟ್ಟರೆ ಸಾಕು. ಶಾಖ ಹೆಚ್ಚಾದರೆ ಒಳಗಿನ ನೀರು ಆವಿಯಾಗಿ ಗೊಂಬೆ ಪೂರಿಯಂತೆ ಉಬ್ಬುತ್ತದೆ. ಒಲೆಯ ಹತ್ತಿರದ ಕೆಲಸವೆಲ್ಲ ದೊಡ್ಡವರಿಗೇ ಸೇರಿದ್ದು.

ಕಂಡುಬರುವ ದೋಷಗಳು

ಮೈಯೆಲ್ಲ ಸಣ್ಣ ಬಿರುಕು: ಬಿಸಿಲಿಗೆ ಬೇಗ ಇಟ್ಟಿದ್ದಾರೆ. ಹಸಿ ಹಿಟ್ಟನ್ನು ಒದ್ದೆ ಬೆರಳಿನಿಂದ ಬಿರುಕಿಗೆ ತುಂಬಿ ನೆರಳಿನಲ್ಲಿಡಬೇಕು.

ಕಾಲು ಕಳಚುವುದು: ಕೂಡಿಸುವಲ್ಲಿ ಗೀರಿಲ್ಲ, ಅಥವಾ ಕಡ್ಡಿಯ ಆಸರೆ ಇಲ್ಲ.

ಎತ್ತು ಕುಸಿದು ಕೂರುವುದು: ನೀರು ಹೆಚ್ಚಾಗಿದೆ. ಹಿಟ್ಟು, ಉಪ್ಪನ್ನು ಎರಡಕ್ಕೊಂದರ ಪ್ರಮಾಣದಲ್ಲಿ ಸ್ವಲ್ಪ ಸೇರಿಸಿ ಮತ್ತೆ ನಾದಬೇಕು.

ಒಣಗಿದ ಗೊಂಬೆ ಮತ್ತೆ ಮೆತ್ತಗಾಗುವುದು: ಗಾಳಿಯ ತೇವ. ಮತ್ತೆ ಬಿಸಿಲಿಗಿಟ್ಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು.

ಮೈಮೇಲೆ ಬಿಳಿಯ ಪದರ: ಇದರ ವಿವರ ಮುಂದಿದೆ.

ಬಿಳಿಯ ಪದರ ಹೇಳುವ ಪಾಠ

ಕೆಮ್ಮಣ್ಣು ಅಥವಾ ಇದ್ದಿಲು ಸೇರಿಸಿದ ಗೊಂಬೆ ಒಣಗಿದಾಗ ಮೈಮೇಲೆ, ಅದರಲ್ಲಿಯೂ ಕೊಂಬು, ಕಿವಿಗಳ ತುದಿಯಲ್ಲಿ, ಬಿಳಿಯ ಪುಡಿ ಕಾಣಿಸಿಕೊಳ್ಳುತ್ತದೆ. ಒಳಗಿನ ನೀರು ಉಪ್ಪನ್ನು ಕರಗಿಸಿಕೊಂಡು ಮೇಲಕ್ಕೆ ಬರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲಿಯೇ ಉಳಿಯುತ್ತದೆ.

ನೀರಾವರಿಯ ಕಪ್ಪು ಭೂಮಿಯಲ್ಲಿ ಆಗುವುದೂ ಇದೇ. ಬಸಿಗಾಲುವೆ ಇಲ್ಲದೆ ಮೇಲಿಂದ ಮೇಲೆ ನೀರು ಕೊಟ್ಟಾಗ ಅಂತರ್ಜಲ ಮೇಲೇರುತ್ತದೆ. ಬೇಸಿಗೆಯಲ್ಲಿ ಆ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲಕ್ಕೆ ಬಂದು ಆರುತ್ತದೆ, ಲವಣ ಮೇಲ್ಮೈಯಲ್ಲಿ ಬೆಳ್ಳಗೆ ಕೂಡುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳಾದ ಭೂಮಿಯನ್ನು ಕಂಡವರಿಗೆ ಇದರ ನಷ್ಟ ಗೊತ್ತು. ಬಾವಿ, ಕಾಲುವೆಗಳ ನೀರಿನಿಂದ ಕಬ್ಬು ಬೆಳೆಯುವ ಬೀದರ ಜಿಲ್ಲೆಯ ಕಪ್ಪು ಭೂಮಿಯ ರೈತರೂ ಇದನ್ನು ಮನಸ್ಸಿನಲ್ಲಿಡಬೇಕು. ಎತ್ತಿನ ಕೊಂಬಿನ ತುದಿಯ ಬಿಳುಪನ್ನು ತೋರಿಸಿ, ಹೊಲಕ್ಕೂ ಹೀಗೆಯೇ ಆಗುತ್ತದೆ ಎಂದು ಹೇಳಿದರೆ ಹತ್ತು ವರ್ಷದ ಹುಡುಗನಿಗೂ ಅರ್ಥವಾಗುತ್ತದೆ. ಗೊಂಬೆಯ ಬಿಳುಪನ್ನು ಒಣ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹೊಲದ್ದು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಉಪ್ಪಿನ ಅಪಾಯ

ಲೋಟದ ಲೆಕ್ಕದಲ್ಲಿ ಉಪ್ಪು ಹಿಟ್ಟಿನ ಅರ್ಧದಷ್ಟಿದ್ದರೂ ತೂಕದಲ್ಲಿ ಅದು ಹಿಟ್ಟಿಗೆ ಸಮ, ಇಲ್ಲವೆ ತುಸು ಹೆಚ್ಚೇ. ಹಸಿ ಮುದ್ದೆಯ 10 ಗ್ರಾಂನಲ್ಲಿ ಸುಮಾರು 4 ಗ್ರಾಂ ಉಪ್ಪು ಇರುತ್ತದೆ. ಒಣಗಿದ ಗೊಂಬೆಯಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಉಪ್ಪೇ. ದೊಡ್ಡವರು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕ್ಕ ಮಕ್ಕಳಿಗೆ ಇದಕ್ಕಿಂತಲೂ ಕಡಿಮೆ ಇರಬೇಕು. ನೆಲ್ಲಿಕಾಯಿ ಗಾತ್ರದ ಒಂದು ಉಂಡೆ ನುಂಗಿದರೂ ಆ ಮಿತಿ ದಾಟಿತು. ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಗಳನ್ನು ತಿಂದು ರೂಢಿಯಾದ ಮಕ್ಕಳು ಈ ಗೊಂಬೆಯೂ ತಿನ್ನುವುದೆಂದು ತಿಳಿಯುವುದು ಸಹಜ. ಕೆಲಸ ಆರಂಭಿಸುವ ಮೊದಲೇ, ಇದು ಮಣ್ಣಿನ ಹಾಗೆ, ತಿನ್ನುವುದಲ್ಲ ಎಂದು ಹೇಳಿ ಒಪ್ಪಿಸಬೇಕು.

ಮಗು ಒಂದು ಚೂರನ್ನು ಬಾಯಿಗೆ ಹಾಕಿಕೊಂಡರೆ ಉಗುಳಿಸಿ, ಬಾಯಿ ತೊಳೆಸಿ, ನೀರು ಕುಡಿಸಿದರೆ ಸಾಕು. ಹೆಚ್ಚು ತಿಂದಿದ್ದರೆ, ಅಥವಾ ವಾಂತಿ, ವಿಪರೀತ ಬಾಯಾರಿಕೆ, ಮಂಕು, ನಡುಕ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಇಲ್ಲಿ ವಿಷಕ್ಕೆ ವಿಷ ಸೇರಿಸಿದಂತೆ.

ದನ ಮತ್ತು ನಾಯಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇವು ಉಪ್ಪಿನ ರುಚಿಗೆ ತಾವಾಗಿಯೇ ಬರುತ್ತವೆ. ನಾಯಿಗೆ ದೇಹತೂಕದ ಪ್ರತಿ ಕಿಲೊಗ್ರಾಂಗೆ 2ರಿಂದ 3 ಗ್ರಾಂ ಉಪ್ಪು ಹೊಟ್ಟೆಗೆ ಹೋದರೆ ವಿಷದ ಲಕ್ಷಣಗಳು ತೋರುತ್ತವೆ, 4 ಗ್ರಾಂ ಪ್ರಾಣ ತೆಗೆಯಬಲ್ಲದು. 10 ಕಿಲೊ ತೂಗುವ ನಾಯಿಗೆ 80 ಗ್ರಾಂ ತೂಕದ ಒಣ ಗೊಂಬೆ ಸಾಕು. ದನಕ್ಕೆ ಪ್ರತಿ ಕಿಲೊಗೆ ಸುಮಾರು 2.2 ಗ್ರಾಂ ಅಪಾಯದ ಪ್ರಮಾಣ. ಈ ಲೆಕ್ಕದಲ್ಲಿ 30 ಕಿಲೊ ತೂಗುವ ಕರುವಿಗೆ 130 ಗ್ರಾಂ ಒಣ ಗೊಂಬೆ, ಅಂದರೆ ಚಪ್ಪಟೆಯ ಒಂದೆರಡು ಎತ್ತು, ಸಾಕಾಗುತ್ತದೆ. ಕುಡಿಯಲು ನೀರು ಸಾಲದಿದ್ದಾಗ ಇದಕ್ಕಿಂತ ಕಡಿಮೆ ಉಪ್ಪೂ ಕೆಡುಕು ಮಾಡುತ್ತದೆ. ಕೋಳಿಗಳೂ ಉಪ್ಪನ್ನು ತಾಳಲಾರವು. ಜೊಲ್ಲು, ಭೇದಿ, ತೂರಾಡುವಿಕೆ, ಕಣ್ಣು ಕಾಣದಂತಾಗುವುದು, ಸೆಳವು ಇವು ಲಕ್ಷಣಗಳು. ಇಂತಹ ದನ ಬಹಳ ಹೊತ್ತು ನೀರಿಲ್ಲದೆ ಇದ್ದಿದ್ದರೆ ಒಮ್ಮೆಲೇ ಹೊಟ್ಟೆ ತುಂಬ ನೀರು ಕುಡಿಸದೆ, ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಪಶುವೈದ್ಯರನ್ನು ಕರೆಸಬೇಕು.

ಇಲ್ಲಿಯೇ ಹಬ್ಬದ ರೂಢಿಯೊಂದು ಅಪಾಯಕ್ಕೆ ದಾರಿಯಾಗಬಲ್ಲದು. ಮಣ್ಣಿನ ಎತ್ತನ್ನು ಪೂಜೆಯ ನಂತರ ಬಾವಿಗೋ ಕೆರೆಗೋ ಬಿಡುತ್ತಾರೆ; ಮಣ್ಣು ಮಣ್ಣಿಗೆ ಸೇರುತ್ತದೆ. ಹಿಟ್ಟಿನಿಂದ ಮಾಡಿದ ನೈವೇದ್ಯವನ್ನು ದನಕ್ಕೆ ತಿನ್ನಿಸುತ್ತಾರೆ. ಇದು ಹಿಟ್ಟಿನದೇ ಅಲ್ಲವೆ ಎಂದು ಉಪ್ಪು ಹಿಟ್ಟಿನ ಎತ್ತನ್ನು ಗೋದಲಿಗೆ ಹಾಕಿದರೆ, ಪೂಜೆ ಮಾಡಿದ ಎತ್ತಿನಿಂದಲೇ ಕೊಟ್ಟಿಗೆಯ ಎತ್ತಿಗೆ ಕೇಡು. ಇದನ್ನು ಬಾವಿಗೂ ಹಾಕಬಾರದು, ಗಿಡದ ಬುಡಕ್ಕೂ ಹಾಕಬಾರದು, ತಿಪ್ಪೆಯ ಮೇಲೂ ಎಸೆಯಬಾರದು. ಒಂದು ಅಳತೆಯ ಮುದ್ದೆಯಲ್ಲಿ ಸುಮಾರು 290 ಗ್ರಾಂ ಉಪ್ಪು ಇರುತ್ತದೆ. 40 ಮಕ್ಕಳ ಶಾಲೆಯಲ್ಲಿ ತಲೆಗೊಂದು ಮುದ್ದೆ ಮಾಡಿದರೆ 11 ಕಿಲೊಗೂ ಹೆಚ್ಚು ಉಪ್ಪಾಯಿತು. ಅದನ್ನೆಲ್ಲ ಶಾಲೆಯ ಕೈತೋಟದಲ್ಲಿ ಸುರಿದರೆ ಅಲ್ಲಿ ಗಿಡ ಏಳುವುದಿಲ್ಲ. ಗೊಂಬೆಗಳನ್ನು ಹಬ್ಬದ ನಂತರ ಡಬ್ಬಿಯಲ್ಲಿ ಮುಚ್ಚಿ, ದನ, ನಾಯಿ, ಮಕ್ಕಳಿಗೆ ಎಟುಕದ ಕಡೆ ಇಟ್ಟು ಮುಂದಿನ ವರ್ಷ ಮತ್ತೆ ತೆಗೆಯಬೇಕು. ಮುರಿದವನ್ನು ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಬೇಕು.

ಮಳೆಗಾಲಕ್ಕೆ ಮಣ್ಣು

ಉಪ್ಪು ಹಿಟ್ಟಿನಲ್ಲಿ ಕೈ ಪಳಗಿದ ಮಗುವನ್ನು ಮುಂದಿನ ಜ್ಯೇಷ್ಠದಲ್ಲಿ ಮಣ್ಣಿಗೆ ತರಬೇಕು. ಬೀದರ ನಗರವಿರುವ ಎತ್ತರದ ನೆಲ ಜಂಬಿಟ್ಟಿಗೆಯ ಕೆಮ್ಮಣ್ಣು. ಭಾಲ್ಕಿ, ಔರಾದ ಕಡೆ ಬಹುಪಾಲು ಎರೆಮಣ್ಣು. ಎರೆಮಣ್ಣಿನ ಜೇಡಿಕಣಗಳು ನೀರು ಕುಡಿದು ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು, ಬರೀ ಎರೆಮಣ್ಣಿನ ಎತ್ತು ಸೀಳುವುದು ಎರಡಕ್ಕೂ ಇದೇ ಕಾರಣ. ಮೂರು ಪಾಲು ಎರೆಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಮರಳು ಮಿಶ್ರಿತ ಕೆಮ್ಮಣ್ಣು, ಜೊತೆಗೆ ಸಣ್ಣಗೆ ಕತ್ತರಿಸಿದ ಒಂದು ಹಿಡಿ ಹೊಟ್ಟು ಸೇರಿಸಿ ಹದ ಮಾಡಿದರೆ ಬಿರುಕು ಕಡಿಮೆಯಾಗುತ್ತದೆ. ಎರಡು ಬಗೆಯ ಮಣ್ಣನ್ನೂ ಬೇರೆ ಬೇರೆ ಉಂಡೆ ಮಾಡಿ ಪಕ್ಕದಲ್ಲಿ ಒಣಗಿಸಿದರೆ ಯಾವುದು ಸೀಳುತ್ತದೆ, ಯಾವುದು ಪುಡಿಯಾಗುತ್ತದೆ ಎಂಬುದನ್ನು ಮಗುವೇ ನೋಡುತ್ತದೆ. ಔಷಧಿ ಸಿಂಪಡಿಸಿದ ಹೊಲದ ಮಣ್ಣನ್ನು ಮಾತ್ರ ತರಬಾರದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಸಬೇಕು.

ಮಣ್ಣಿನ ಗುಣವನ್ನು ಅರಿತು ದುಡಿಸಿಕೊಳ್ಳುವುದು ಬೀದರಿಗೆ ಹೊಸದಲ್ಲ. ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಪಾತ್ರೆಯ ಮೇಲೆ ಬೆಳ್ಳಿಯ ಕುಸುರಿ ಕೂಡಿಸಿದ ಮೇಲೆ, ಕೋಟೆಯ ಮಣ್ಣಿಗೆ ನವಸಾಗರ ಎಂಬ ಲವಣವನ್ನು ಬೆರೆಸಿ ಆ ಪಾತ್ರೆಗೆ ಕಪ್ಪು ಬಣ್ಣ ಬರಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಲ್ಲಿಯೂ ಮಣ್ಣು ಮತ್ತು ಲವಣದ ಹದವೇ ಮುಖ್ಯ.

ವಿಸ್ತರಣಾ ಕಾರ್ಯಕರ್ತರು ಡಿಸೆಂಬರ್ ತಿಂಗಳ ಮಹಿಳಾ ಸಭೆಗಳಲ್ಲಿ ಉಪ್ಪು ಹಿಟ್ಟಿನ ಕೆಲಸವನ್ನು ಒಮ್ಮೆ ಮಾಡಿ ತೋರಿಸಬಹುದು. ಅದಕ್ಕೆ ಬೇಕಾಗುವ ವೆಚ್ಚ ಅಲ್ಪ, ಸಮಯ ಒಂದು ಗಂಟೆ. ಬೀಜೋಪಚಾರದ ಬೀಜ, ಗೊಬ್ಬರದ ಡಬ್ಬಿ, ಸವಳು ಭೂಮಿ, ದನದ ನೀರು ಈ ನಾಲ್ಕೂ ವಿಷಯಗಳನ್ನು ಅದೇ ಹೊತ್ತಿನಲ್ಲಿ ಹೇಳಲು ಅವಕಾಶ ಸಿಗುತ್ತದೆ. ರೈತ ಬಾಂಧವರು ಈ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಡುವಾಗ ಮಗು ಮಾಡಿದ ಜೋಡೆತ್ತನ್ನು ಬುತ್ತಿಯಿಂದ ಬೇರೆಯಾಗಿ ಕಟ್ಟಿಕೊಂಡು ಹೋಗಿ, ಪೂಜೆಯ ಹೊತ್ತಿಗೆ ಕೊಂಪೆಯ ಮುಂದೆ ಇಟ್ಟು, ಮರಳುವಾಗ ಮರೆಯದೆ ಮನೆಗೆ ತರಬೇಕು.